ಗುಟ್ಟಿನ ಪುಟ: ಹನ್ನೊಂದನೇ ನಂಬರಿನ ಚಪ್ಪಲಿ

ಮೂವತ್ತೇಳನೇ ಪುಟ ತೆರೆದಾಗ ಮೊಹರು ಕಾಣಿಸಲಿಲ್ಲ. ಮೊಹರಿನ ಮೇಲೆ ಮೂರು ಲಕೋಟೆಗಳಿದ್ದವು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳಿಸಿತು. ನಾನು ಭೂಪಟದ ಪುಸ್ತಕ ಮುಚ್ಚಿದೆ. ಲಕೋಟೆಗಳನ್ನು ಅಂಟಿನ ಬಟ್ಟಲಿನ ಕೆಳಗೆ ಹಾಸಿದ್ದ ಹಳೇ ಪತ್ರಿಕೆಯ ಮಡಿಕೆಗೆ ತಳ್ಳಿ, ಕುಂಚ ಹಿಡಿದು ಕೂತೆ.

ದಫೇದಾರ್ ಫಾನ್ ಬಾಗಿಲಲ್ಲಿ ನಿಂತು ಟೋಪಿ ತೆಗೆದರು. ಬೂಟು ತೆಗೆಯಲಿಲ್ಲ. ಯಾವತ್ತೂ ತೆಗೆದವರಲ್ಲ.

"ಏನಮ್ಮ ಆಯುನ್, ಇನ್ನೂ ಅಂಟಿಸ್ತಾನೇ ಇದೀಯಲ್ಲ. ಈ ಊರಿನ ಪುಸ್ತಕ ಎಲ್ಲ ಅಷ್ಟು ಹರಿದುಹೋಗಿದ್ಯಾ?"

"ಹೂಂ."

"ಹೂಂ ಅನ್ನೋದು ಬಿಟ್ಟು ಬೇರೆ ಮಾತು ಕಲಿಸಲೇ ಇಲ್ವಾ ನಿಮ್ಮ ಟೀಚರ್?"

ನಾನು ಕುಂಚದ ತುದಿ ನೋಡಿದೆ. ಗುವಾನ್ ಟೀಚರ್ ಇದೇ ಗ್ರಂಥಾಲಯದ ಮೆಟ್ಟಿಲ ಬುಡದಲ್ಲಿ ಬಿದ್ದು ಸತ್ತು ಅವತ್ತಿಗೆ ಹನ್ನೆರಡು ದಿನ. ಠಾಣೆಯವರು 'ಕಾಲು ಜಾರಿ' ಎಂದು ಬರೆದು ಮುಗಿಸಿದ್ದರು.

"ಒಂದು ಪಟ್ಟಿ ಬೇಕಿತ್ತು," ಎಂದರು ಫಾನ್. "ಮುದುಕ ಸಿಪಾಯಿಗಳಿಗೆಲ್ಲ ಟೀಚರ್ ಕಾಗದ ಬರೆದುಕೊಡ್ತಿದ್ರಲ್ಲ. ಯಾರು, ಯಾವ ಊರಿಗೆ, ಏನು ಬರೆಸಿದ್ರು ಅಂತ ಎಲ್ಲೋ ಬರೆದಿಟ್ಟಿರಬೇಕು."

"ಪಟ್ಟಿ ಇಲ್ಲ ಸಾರ್. ಬರೀತಿದ್ರು, ಬಂದಿದ್ದು ಓದಿ ಹೇಳ್ತಿದ್ರು. ಅಷ್ಟೇ."

"ಅಷ್ಟೇ ಅಂತೀಯ. ಸಮುದ್ರದಾಚೆ ಹೋಗೋ ಕಾಗದ ಅದು. ನಲವತ್ತು ವರ್ಷ ಆದ ಮೇಲೆ, ಹೋದ ವರ್ಷದಿಂದ ಆ ಕಡೆ ಅವರವರ ಊರಿಗೆ ಹೋಗಿಬರೋಕೆ ಬಿಟ್ಟಿದಾರೆ ನಿಜ. ಹಾಗಂತ ನಾವು ಕಣ್ಣು ಮುಚ್ಕೊಂಡು ಕೂರೋಕಾಗುತ್ತಾ?"

ಅವರು ಟೀಚರ್ ಮೇಜಿನ ಡ್ರಾಯರ್ ಎಳೆದರು. ಮೊಹರು, ಮೊಹರಿನ ಮಸಿ ಪ್ಯಾಡು, ಉಬ್ಬರವಿಳಿತದ ಕ್ಯಾಲೆಂಡರು, ಅರ್ಧ ಕರಗಿದ ಶುಂಠಿ ಪೆಪ್ಪರಮೆಂಟು. ಅದರಡಿಯಲ್ಲಿ ಟೀಚರ್ ಓದುವಾಗ ಹಾಕಿಕೊಳ್ಳುತ್ತಿದ್ದ ಕನ್ನಡಕ. ಫಾನ್ ಅದನ್ನು ಎತ್ತಿದರು. ಎತ್ತಿದ ಮೇಲೆ ಏನು ಮಾಡಬೇಕೆಂದು ತಿಳಿಯದವರ ಹಾಗೆ ಮೆಲ್ಲಗೆ ವಾಪಸು ಇಟ್ಟರು.

"ಚೂ ಮುದುಕ ಊರಿಗೆ ಹೋಗೋಕೆ ಇವತ್ತು ಎರಡು ಗಂಟೆ ಬಸ್ಸಿಗೆ ಹೊರಟನಂತೆ?"

"ಹೂಂ."

"ಒಳ್ಳೇದಾಯ್ತು. ಇಷ್ಟು ಜನದಲ್ಲಿ ಒಬ್ಬನಾದ್ರೂ ಬದುಕಿರೋ ಅಮ್ಮನ ಮುಖ ನೋಡ್ತಾನೆ."

ಬೂಟುಗಳು ಇಳಿದುಹೋದವು. ಟಕ್, ಟಕ್. ಕೆಳಗಿನ ಮೆಟ್ಟಿಲಿನವರೆಗೂ ನಾನು ಕೇಳಿಸಿಕೊಂಡೆ.

ಕಿಟಕಿ ಬಳಿ ಕೋಲಿಗೆ ಸಿಕ್ಕಿಸಿದ ಪತ್ರಿಕೆ ಹಿಡಿದು ಕೂತಿದ್ದ ನಾಲ್ವರು ಮುದುಕರು ತಲೆ ಎತ್ತಿರಲಿಲ್ಲ. ಫಾನ್ ಇರುವಷ್ಟು ಹೊತ್ತು ಯಾರೂ ಒಂದು ಪುಟವನ್ನೂ ತಿರುವಿರಲಿಲ್ಲ.

ಆಮೇಲೆ ಮೀನು ಒಣಗಿಸುವ ಸೂ ಅತ್ತೆ ಬಂದಳು, ಕೈಯಲ್ಲಿ ಆಸ್ಪತ್ರೆಯ ಔಷಧಿ ಪೊಟ್ಟಣ ಹಿಡಿದು. "ಟೀಚರ್, ಇದು ಊಟಕ್ಕೆ ಮುಂಚೆಯೋ ಆದ ಮೇಲೋ" ಎನ್ನುತ್ತಲೇ ಒಳಗೆ ಬಂದವಳು ಕುರ್ಚಿ ನೋಡಿ ನಿಂತುಬಿಟ್ಟಳು.

"ಅಭ್ಯಾಸ ನೋಡು," ಎಂದಳು. "ಕಾಲು ತಾನೇ ಕರ್ಕೊಂಡು ಬಂದುಬಿಡುತ್ತೆ."

ನಾನು ಪೊಟ್ಟಣ ಇಸಿದುಕೊಂಡು ಓದಿದೆ. "ಊಟ ಆದ ಮೇಲೆ ಎರಡು, ಅತ್ತೆ."

"ನೀನೂ ಓದ್ತೀಯಲ್ಲೇ." ಅಂಗಿಯ ತೋಳಿನಿಂದಲೇ ಮೂಗು ಒರೆಸಿಕೊಂಡು ಹೋದಳು.

ಓದುತ್ತೇನೆ, ನಿಧಾನವಾಗಿ. ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಬಂದರಿನಲ್ಲಿ ಮೀನು ಸೀಳುತ್ತಿದ್ದವಳನ್ನು ಇಲ್ಲಿ ಕಸ ಗುಡಿಸುವ ಕೆಲಸಕ್ಕೆ ಕರೆದುಕೊಂಡು ಬಂದವರು ಟೀಚರ್. ಗುಡಿಸುತ್ತಾ ಅಕ್ಷರ, ಅಕ್ಷರದ ಹಿಂದೆ ಅಂಟು, ತೆಳು ಕಾಗದ, ಹೊಲಿಗೆ. ಈಗ ಏಳು ವರ್ಷ.

ಗುಟ್ಟಿನ ಪುಟ ಅವರು ನನಗೆ ಹೇಳಿದ್ದು ಮೂರನೇ ವರ್ಷ. ಪ್ರತಿ ಗ್ರಂಥಾಲಯಕ್ಕೂ ಒಂದು ಪುಟದ ಸಂಖ್ಯೆ ಇರುತ್ತದೆ. ಬರುವ ಪ್ರತಿ ಪುಸ್ತಕದಲ್ಲೂ ಆ ಪುಟದ ಒಳಮೂಲೆಯಲ್ಲಿ ಒಂದು ಸಣ್ಣ ಮೊಹರು ಒತ್ತುತ್ತೇವೆ. ಕಳ್ಳ ಮೊದಲ ಪುಟ ಹರಿದು ಹಾಕಬಹುದು. ಗುಟ್ಟಿನ ಪುಟ ಯಾವುದೆಂದು ಅವನಿಗೆ ತಿಳಿಯದು. ನಮ್ಮದು ಮೂವತ್ತೇಳು. ಅದು ಗೊತ್ತಿದ್ದದ್ದು ಟೀಚರ್‌ಗೆ, ನನಗೆ.

ಅವರು ಹೋದ ಮೇಲೆ ನಾನು ಪುಸ್ತಕಗಳ ಮೂವತ್ತೇಳನೇ ಪುಟ ತೆರೆದು ನೋಡಲು ಶುರು ಮಾಡಿದ್ದೆ. ಯಾಕೆಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಮೊಹರು ಅವರ ಕೈಯದು, ಅಷ್ಟೇ. ಪ್ರತಿ ಪುಟದಲ್ಲೂ ಅವರ ಕೈ ಸ್ವಲ್ಪ ಎಡಕ್ಕೆ ವಾಲುತ್ತಿತ್ತು.

ಭೂಪಟದ ಪುಸ್ತಕ ಚೂ ದೊಡ್ಡಪ್ಪನದು ಎಂದೇ ಎಲ್ಲರೂ ಹೇಳುತ್ತಿದ್ದರು. ಓದಲು ಬಾರದ ಆ ಮುದುಕ ಸಿಪಾಯಿ ದಿನಾ ಬಂದು ಹದಿನಾರನೇ ಪುಟ ತೆರೆದು, ಸಮುದ್ರದಾಚೆಯ ಶಾನ್‌ಡಾಂಗ್ ಪ್ರಾಂತ್ಯದ ಒಂದು ಚುಕ್ಕೆಯ ಮೇಲೆ ಬೆರಳಿಟ್ಟು ಕೂರುತ್ತಿದ್ದರು. ಅವರ ಊರು ಬೆರಳಿಗೇ ಸವೆದು ತೂತಾಗಿತ್ತು. ಮೂರು ಸಲ ನಾನು ಹಿಂದಿನಿಂದ ತೆಳು ಕಾಗದ ಅಂಟಿಸಿದ್ದೆ. ಮೂರು ಸಲವೂ ಟೀಚರ್ ಸಣ್ಣ ಕುಂಚದಲ್ಲಿ ಊರಿನ ಹೆಸರು ಮತ್ತೆ ಬರೆದಿದ್ದರು.

ಮೂವತ್ತೇಳು ಮರುಭೂಮಿಯ ಪುಟ. ಅದನ್ನು ಯಾರೂ ತೆರೆಯುತ್ತಿರಲಿಲ್ಲ.

ಮುದುಕರು ಊಟಕ್ಕೆ ಎದ್ದ ಮೇಲೆ ಲಕೋಟೆಗಳನ್ನು ತೆಗೆದೆ. ಎರಡು ಚೂ ದೊಡ್ಡಪ್ಪನ ಹೆಸರಿಗೆ. ಮೂರನೆಯದು ಟೀಚರ್ ಹೆಸರಿಗೆ. ಎಲ್ಲವೂ ಹಾಂಗ್‌ಕಾಂಗ್ ಸುತ್ತಿ ರೆಡ್‌ಕ್ರಾಸ್ ಮೂಲಕ ಬಂದಿದ್ದವು. ಮೂರನೆಯದರ ಬಾಯಿಗೆ ಅಂಟು ಎರಡು ಸಲ ಬಿದ್ದಿತ್ತು: ಮೊದಲನೆಯದು ತೆಳ್ಳಗೆ, ಅದರ ಮೇಲೆ ಗಂಟುಗಂಟಾದ ಗಂಜಿ ಅಂಟು. ಅಷ್ಟು ಕೆಟ್ಟದಾಗಿ ಅಂಟಿಸುವವರು ನಮ್ಮ ಕೋಣೆಯವರಲ್ಲ.

ಮೊದಲನೆಯದನ್ನು ಬಿಚ್ಚಿದೆ. ಒಂದೇ ಹಾಳೆ. ದೊಡ್ಡಪ್ಪನ ಅಣ್ಣನ ಮಗ ಊರಿನಿಂದ ಬರೆದದ್ದು.

'ಚಿಕ್ಕಪ್ಪನವರಿಗೆ. ನೀವು ಬದುಕಿರುವ ವಿಷಯ ತಿಳಿದು ಮನೆಯವರೆಲ್ಲ ಅತ್ತೆವು. ಅಜ್ಜಿ ತೀರಿಕೊಂಡು ಇಪ್ಪತ್ತೆಂಟು ವರ್ಷವಾಯಿತು. ಅದು ಊರಿನವರು ಮರದ ತೊಗಟೆ ಬೇಯಿಸಿ ತಿಂದ ವಸಂತ...'

ಎರಡು ಸಲ ಓದಿದೆ. ಅಕ್ಷರ ತಪ್ಪಾಗಿ ಕೂಡಿಸಿರಬಹುದು ಎಂದುಕೊಂಡು ಮೂರನೇ ಸಲ ಬೆರಳಿಟ್ಟು ಓದಿದೆ.

ಈ ಕಾಗದ ಬಂದ ದಿನ ನಾನು ಇಲ್ಲೇ ಕೂತಿದ್ದೆ. ಟೀಚರ್ ಕನ್ನಡಕ ಹಾಕಿಕೊಂಡು, ದೊಡ್ಡಪ್ಪನನ್ನು ಎದುರು ಕೂರಿಸಿಕೊಂಡು ಓದಿದ್ದರು: 'ಮಗೂ, ಊಟ ಆಯ್ತಾ?' ಅಮ್ಮ ಬದುಕಿದ್ದಾಳೆ, ಹಲ್ಲು ಬಿದ್ದಿವೆ, ಕಿವಿ ಮಂದ, ಆದರೂ ದಿನಾ ಬಾಗಿಲಲ್ಲಿ ಕೂರುತ್ತಾಳೆ. ಕಾಗದ ತೆಳು, ಹರಿದುಹೋಗುತ್ತೆ, ನಕಲು ಮಾಡಿಕೊಡ್ತೀನಿ ಎಂದು ತಮ್ಮ ಕೈಯಲ್ಲೇ ಬರೆದುಕೊಟ್ಟಿದ್ದರು. ಆ ನಕಲನ್ನು ದೊಡ್ಡಪ್ಪ ಎದೆಯ ಜೇಬಿನಲ್ಲಿ ಇಟ್ಟುಕೊಂಡು ಇವತ್ತು ಬಸ್ಸು ಹತ್ತಲಿದ್ದರು.

ಇನ್ನೆರಡು ಕಾಗದ ಬಿಚ್ಚುವ ಧೈರ್ಯವಾಗಲಿಲ್ಲ. ಯಾಕೆಂದರೆ ನನ್ನ ತಲೆಯಲ್ಲಿ ಆಗಲೇ ಇನ್ನೊಂದು ವಿಷಯ ಇತ್ತು. ಹನ್ನೆರಡು ದಿನದಿಂದ ಯಾರಿಗೂ ಹೇಳದ್ದು.

ನಮ್ಮಲ್ಲಿ ಮೆಟ್ಟಿಲ ಬುಡದಲ್ಲೇ ಶೂ ಬಿಟ್ಟು, ಗೂಡಿನಲ್ಲಿರುವ ಚಪ್ಪಲಿ ಹಾಕಿಕೊಂಡು ಮೇಲೆ ಬರಬೇಕು. ಇಪ್ಪತ್ತನಾಲ್ಕು ಜೊತೆ, ನೀಲಿ ಪ್ಲಾಸ್ಟಿಕ್ಕು. ಪ್ರತಿಯೊಂದರ ಮೇಲೂ ಟೀಚರ್ ಬಿಳಿ ಬಣ್ಣದಲ್ಲಿ ನಂಬರ್ ಬರೆದಿದ್ದರು. ಅವರು ಬಿದ್ದ ಮಾರನೇ ಬೆಳಿಗ್ಗೆ ಹನ್ನೊಂದನೇ ಜೊತೆ ಇರಲಿಲ್ಲ.

ಯಾರೋ ಗಾಬರಿಯಲ್ಲಿ ಚಪ್ಪಲಿ ಸಮೇತ ಓಡಿದ್ದಾರೆ. ಹಾಗಾದರೆ ಅವರ ಸ್ವಂತ ಶೂ ಗೂಡಿನಲ್ಲಿ ಉಳಿದಿರಬೇಕಿತ್ತು. ಉಳಿದಿರಲಿಲ್ಲ.

ಚಪ್ಪಲಿ ಹಾಕದೆ ಮೇಲೆ ಬರುವವರು ಊರಲ್ಲಿ ಇಬ್ಬರೇ. ಬೂಟಿನ ಫಾನ್, ಮತ್ತು ಈ ಕೋಣೆಯನ್ನು ಸಭೆಗೆ ತೆಗೆದುಕೊಳ್ಳಬೇಕೆಂದು ಟೇಪು ಹಿಡಿದು ಅಳೆಯುತ್ತಿದ್ದ ಪಂಚಾಯ್ತಿ ಗುಮಾಸ್ತ ಲೈ. ಅವರಿಬ್ಬರನ್ನು ನಾನು ಮೊದಲ ದಿನವೇ ಮನಸ್ಸಿನಿಂದ ತೆಗೆದುಹಾಕಿದ್ದೆ. ಚಪ್ಪಲಿ ಹಾಕದವರು ಚಪ್ಪಲಿ ಹೇಗೆ ಹೊತ್ತೊಯ್ದಾರು.

ಉಳಿದವರಲ್ಲಿ ತನ್ನ ಶೂಗಳನ್ನು ಗೂಡಿನಲ್ಲಿ ಬಿಡದವರು ಒಬ್ಬರೇ. ಚೂ ದೊಡ್ಡಪ್ಪ. ಯುದ್ಧ ಸೋತು ಈ ಕಡೆಗೆ ಬರಲು ಹಡಗು ಹತ್ತುವ ದಿನ ಯಾರೋ ಅವರ ಶೂ ಕದ್ದಿದ್ದರಂತೆ. ಅವತ್ತಿನಿಂದ ಬಟ್ಟೆ ಶೂಗಳನ್ನು ಗಂಟು ಹಾಕಿ ಕಂಕುಳಲ್ಲಿ ಇಟ್ಟುಕೊಂಡೇ ಎಲ್ಲಿಗಾದರೂ ಒಳಗೆ ಹೋಗುವುದು. "ಚೂ, ನಿನ್ನ ಶೂ ಕದಿಯೋಕೆ ಇಬ್ಬರು ಬೇಕು ಕಣೋ," ಎಂದು ಪತ್ರಿಕೆಯ ಮುದುಕರು ನಗುತ್ತಿದ್ದರು. "ಎತ್ತೋನು ಒಬ್ಬ, ಅವನ ಮೂಗು ಮುಚ್ಚೋನು ಒಬ್ಬ."

ಈಗ ಕಾಗದವೂ ಸಿಕ್ಕಿತ್ತು. ಅಮ್ಮ ಸತ್ತದ್ದನ್ನು ಆರು ತಿಂಗಳು ಮುಚ್ಚಿಟ್ಟವರು ಟೀಚರ್ ಎಂದು ಯಾರಾದರೂ ಅವರಿಗೆ ಹೇಳಿದ್ದರೆ? ನಲವತ್ತು ವರ್ಷ ಕಾದ ಮನುಷ್ಯನ ಸಿಟ್ಟು ಹೇಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಬಾಗಿಲಿಗೆ ಬೀಗ ಹಾಕಿ ಕಾಗದಗಳನ್ನು ಅಂಗಿಯೊಳಗೆ ಸೇರಿಸಿಕೊಂಡು ಹೊರಟೆ. ದಾರಿಯುದ್ದಕ್ಕೂ ಒಂದೇ ವಾಕ್ಯ ಉರು ಹೊಡೆದೆ.

*

ದೊಡ್ಡಪ್ಪನ ತಗಡಿನ ಮನೆ ಸಮುದ್ರದ ತಡೆಗೋಡೆಯ ಹಿಂದೆ. ಬೆಳಗಾಗುವ ಮುಂಚೆ ಅಲ್ಲಿ ಹಬೆ ಏಳುತ್ತಿತ್ತು. ಅವರು ಮಾಡುವ ಮಂಟೌ ಬನ್ನುಗಳನ್ನು ಅರ್ಧ ಊರು ತಿನ್ನುತ್ತಿತ್ತು. ಅವತ್ತು ಒಲೆ ತಣ್ಣಗಿತ್ತು. ಬಿದಿರಿನ ಬುಟ್ಟಿಗಳನ್ನು ತೊಳೆದು ಬೋರಲು ಹಾಕಿದ್ದರು.

ಮಂಚದ ಮೇಲೆ ಹಗ್ಗ ಬಿಗಿದ ಗಂಟು. ದೊಡ್ಡಪ್ಪ ಹೊಸ ಪ್ಯಾಂಟು ಹಾಕಿಕೊಂಡು, ಹೊಳೆಯುವ ಕರಿ ಚರ್ಮದ ಶೂಗಳಿಗೆ ಕಾಲು ತುರುಕುತ್ತಿದ್ದರು.

"ಬಾ ಅಂಟು ಹುಡುಗಿ. ಕೈ ತೊಳ್ಕೊಂಡು ಬಂದಿದೀಯ ತಾನೆ? ಹೊಸ ಪ್ಯಾಂಟು ಇದು, ಅಂಟಿಸಿಬಿಟ್ಟೀಯ."

ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

"ಶೂ ಬಿಗಿ ಕಣೇ. ಆದ್ರೆ ಊರಿಗೆ ಹೋಗೋನು ಬಟ್ಟೆ ಶೂನಲ್ಲಿ ಹೋದ್ರೆ ಏನಂತಾರೆ? ನಲವತ್ತು ವರ್ಷ ಹೊರಗಿದ್ದು ಒಂದು ಜೊತೆ ಶೂ ಸಂಪಾದಿಸಲಿಲ್ವಾ ಅನ್ನಲ್ವಾ?" ಒಂದು ತಣ್ಣನೆ ಬನ್ನನ್ನು ನನ್ನ ಕೈಗಿಟ್ಟರು. "ತಿನ್ನು. ಕೊನೇದು."

ಗೋಡೆ ಗಡಿಯಾರದಲ್ಲಿ ಒಂದಕ್ಕೆ ಹತ್ತು ನಿಮಿಷ. ಉರು ಹೊಡೆದದ್ದು ಹೇಳಲಿಲ್ಲ. ಬಾಯಿಗೆ ಬಂದದ್ದು ಬೇರೆ.

"ದೊಡ್ಡಪ್ಪ, ಹನ್ನೊಂದನೇ ನಂಬರ್ ಎಲ್ಲಿ?"

ಲೇಸು ಕಟ್ಟುತ್ತಿದ್ದ ಕೈಗಳು ನಿಂತವು.

ಅವರು ಕೇಳಿಸಲಿಲ್ಲ ಎಂದು ನಟಿಸಲಿಲ್ಲ. ಎದ್ದು, ಅಷ್ಟು ಕಷ್ಟಪಟ್ಟು ಬಿಗಿದ ಗಂಟನ್ನು ಬಿಚ್ಚಿದರು. ಉಣ್ಣೆ ಬಟ್ಟೆ, ನೋವಿನ ಎಣ್ಣೆಯ ಶೀಶೆಗಳು, ಒಂದು ಟವೆಲು. ಎಲ್ಲದರ ಕೆಳಗೆ ಪತ್ರಿಕೆಯಲ್ಲಿ ಸುತ್ತಿದ ಪೊಟ್ಟಣ. ಅದನ್ನು ಬಿಚ್ಚಿ ಮಂಚದ ಮೇಲಿಟ್ಟರು. ನೀಲಿ ಚಪ್ಪಲಿ. ಟೀಚರ್ ಕೈಯ ಬಿಳಿ ಅಂಕಿ.

"ಊರಿಗೆ ತಗೊಂಡು ಹೋಗ್ತಿದ್ರಾ?"

"ಹೂಂ."

"ಯಾಕೆ?"

"ಅವರು ಬರೆದಿದ್ದಲ್ವಾ. ನಂಗೆ ಓದೋಕೆ ಬರೋದು ಇದೊಂದೇ. ಹನ್ನೊಂದು. ಎರಡು ಗೀಟು."

ನಾನು ಅಂಗಿಯೊಳಗಿನಿಂದ ಮೊದಲ ಕಾಗದ ತೆಗೆದೆ.  "ಟೀಚರ್ ನಿಮಗೆ ಸುಳ್ಳು ಓದಿದಾರೆ ಅಂತ ಗೊತ್ತಾಯ್ತಾ? ಅದಕ್ಕೆ ಸಿಟ್ಟು ಬಂತಾ ದೊಡ್ಡಪ್ಪ?"

ಅವರು ನನ್ನನ್ನು ನೋಡಿದ ರೀತಿ ನೆನಪಿದೆ. ಬೈದಿದ್ದರೆ ಸುಲಭವಾಗುತ್ತಿತ್ತು.

"ಓದು," ಎಂದರು.

"ಚಿಕ್ಕಪ್ಪನವರಿಗೆ. ನೀವು ಬದುಕಿರುವ ವಿಷಯ ತಿಳಿದು ಮನೆಯವರೆಲ್ಲ ಅತ್ತೆವು. ಅಜ್ಜಿ ತೀರಿಕೊಂಡು..." ನನಗೆ ಮುಂದೆ ಓದಲಾಗಲಿಲ್ಲ.

"ಇಪ್ಪತ್ತೆಂಟು ವರ್ಷ ಆಯ್ತು," ಎಂದರು ದೊಡ್ಡಪ್ಪ. "ಮರದ ತೊಗಟೆ ತಿಂದ ವಸಂತ. ಕೊನೇವರೆಗೂ ಬಾಗಿಲಿಗೆ ಚಿಲಕ ಹಾಕೋಕೆ ಬಿಡಲಿಲ್ಲ. ರಾತ್ರಿ ಬಂದ್ರೆ ಅವನಿಗೆ ತೆಗೆಯೋರು ಯಾರು ಅಂತಿದ್ಲು. ಇನ್ನೂ ಇದೆ ಅದರಲ್ಲಿ, ಪೀಚ್ ಮರದ ವಿಷಯ."

ನಾನು ಹಾಳೆಯ ಕೆಳಗಡೆ ನೋಡಿದೆ. ಪೀಚ್ ಮರದ ವಿಷಯ ಇತ್ತು.

"ಕಾಗದ ಬಂದ ದಿನ ಬಸ್ ನಿಲ್ದಾಣದಲ್ಲೇ ಅಂಚೆಯವನು ಕೊಟ್ಟ. ಪಕ್ಕದಲ್ಲಿ ಮುದುಕ ಮೆಂಗ್ ಇದ್ದ, ಅವನಿಗೆ ಓದೋಕೆ ಬರುತ್ತೆ. ಓದಿಬಿಟ್ಟ. ನಾನು ನಂಬಲಿಲ್ಲ. ನೀನು ಕುಡಿದಿದೀಯ, ನಿನ್ನ ಓದು ಬೇಡ, ಟೀಚರ್ ಹತ್ರ ಸರಿಯಾಗಿ ಓದಿಸ್ತೀನಿ ಅಂತ ಮೆಟ್ಟಿಲು ಹತ್ತಿ ಬಂದೆ." ಬನ್ನಿನ ಪುಡಿಯನ್ನು ಮಂಚದ ಮೇಲಿನಿಂದ ಒರೆಸಿದರು. "ಟೀಚರ್ ಕಾಗದ ನೋಡಿದ್ರು. ತುಂಬಾ ಹೊತ್ತು ನೋಡಿದ್ರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕ್ಕೊಂಡ್ರು. ಆಮೇಲೆ ಶುರು ಮಾಡಿದ್ರು, ಮಗೂ, ಊಟ ಆಯ್ತಾ ಅಂತ. ಒಂದು ಹಾಳೆ ಕಾಗದವನ್ನ ಮೂರು ಹಾಳೆಯಷ್ಟು ಓದಿದ್ರು. ನಂಗೆ ಆಗಲೇ ಗೊತ್ತಾಯ್ತು, ಮೆಂಗ್ ಓದಿದ್ದೇ ಸರಿ ಅಂತ."

"ಮತ್ತೆ ಯಾಕೆ ಹೇಳಲಿಲ್ಲ?"

"ಏನಂತ ಹೇಳೋದು? ಇಷ್ಟು ವರ್ಷದಲ್ಲಿ ಊಟ ಆಯ್ತಾ ಅಂತ ಕೇಳಿದ್ದು ಅದೇ ಮೊದಲು. ಮುಂದಿನ ವಾರ ಮತ್ತೆ ಹೋದೆ. ಅಮ್ಮನಿಗೆ ಉತ್ತರ ಬರೀರಿ ಅಂದೆ. ಬರೆದ್ರು."

 ಮುಂದಿನ ಪ್ರಶ್ನೆ ನಾನು ಕೇಳಲಿಲ್ಲ. ಅವರೇ ಹೇಳಿದರು.

"ಟೀಚರ್ ಬಿದ್ದ ದಿನ ಸಂಜೆ, ಎಲ್ಲಾ ಹೇಳಿಬಿಡೋಣ ಅಂತ ಹೋಗಿದ್ದೆ. ನಂಗೆ ಮೊದಲಿಂದ್ಲೂ ಗೊತ್ತು ಟೀಚರ್, ನೀವಿನ್ನು ಕಷ್ಟಪಡಬೇಡಿ ಅಂತ. ಎಲ್ಲರೂ ಎದ್ದು ಹೋಗ್ಲಿ ಅಂತ ಭೂಪಟದ ಕಪಾಟಿನ ಹಿಂದೆ ಕೂತು ಮಾತು ಜೋಡಿಸ್ಕೊತಿದ್ದೆ. ಆಗ ಮೆಟ್ಟಿಲ ಮೇಲೆ ಸದ್ದು."

"ಏನು ಸದ್ದು?"

"ಬೂಟು."

ಕೈಯಲ್ಲಿದ್ದ ಬನ್ನನ್ನು ಕೆಳಗಿಟ್ಟೆ.

"ಪಟ್ಟಿ ಕೊಡಿ ಅಂದ. ಇಲ್ಲ ಅಂದ್ರು. ಇದೆ, ಕೊಡಿ ಅಂದ. ಅದು ಅವರವರ ಮನೆ ಮಾತು, ನಾನು ಬರೀ ಓದೋ ಬಾಯಿ ಅಂದ್ರು ಟೀಚರ್. ಬಾಗಿಲು ಹಾಕ್ಬೇಕು, ಇಳೀರಿ ಅಂತ ಮೆಟ್ಟಿಲ ಹತ್ರ ಹೋದ್ರು. ಅಲ್ಲಿ ಏನೋ ಪಿಸುಮಾತು. ಆಮೇಲೆ ಎಳೆದಾಡಿದ್ನೋ, ತಳ್ಳಿದ್ನೋ, ಅವರೇ ಹಿಂದೆ ಸರಿದ್ರೋ, ನಾನು ಕಾಣೆ. ಬಿದ್ದ ಸದ್ದು ಕೇಳ್ತು. ಬೂಟು ಇಳೀತು. ಕೆಳಗೆ ಹೋಗಿ ಒಂದು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಹೋಯ್ತು."

ಹನ್ನೆರಡು ದಿನ ನಾನು ಚಪ್ಪಲಿ ಎಣಿಸಿದ್ದೆ. ಚಪ್ಪಲಿ ಹಾಕುವವರನ್ನೆಲ್ಲ ಒಬ್ಬೊಬ್ಬರಾಗಿ ಅನುಮಾನಿಸಿದ್ದೆ. ಗ್ರಂಥಾಲಯದೊಳಗೆ ಬರುವ ಮನುಷ್ಯ ಎಂದರೆ ಚಪ್ಪಲಿ ಹಾಕಿದ ಮನುಷ್ಯ ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಹೊತ್ತೊಯ್ದವರು ಯಾರೆಂದು ಹುಡುಕಿದೆನೇ ಹೊರತು, ಹಾಕಿಕೊಳ್ಳದೇ ಬಂದವರನ್ನು ನಾನೇ ಬಿಟ್ಟುಬಿಟ್ಟಿದ್ದೆ.

"ನಾನು ಇಳಿದಾಗ ಜೀವ ಇತ್ತು," ಎಂದರು ದೊಡ್ಡಪ್ಪ. ದನಿ ತೀರಾ ಸಣ್ಣದಾಯಿತು. "ನನ್ನ ಗುರುತು ಹಿಡಿದ್ರು. ಡಾಕ್ಟರನ್ನ ಕರೀತೀನಿ ಅಂದೆ. ಕೈ ಬಿಡಲಿಲ್ಲ. ಚೂ, ನೀವಿಲ್ಲಿ ನಿಲ್ಲಬೇಡಿ, ನಿಮ್ಮನ್ನ ಹಿಡ್ಕೊಂಡ್ರೆ ಊರಿಗೆ ಹೋಗೋದು ತಪ್ಪುತ್ತೆ, ಹೋಗಿ, ಅಮ್ಮ ಕಾಯ್ತಿದಾರೆ ಅಂದ್ರು."

"ನೀವೇನಂದ್ರಿ?"

"ಏನನ್ಲಿ. ಹೂಂ, ಕಾಯ್ತಿದಾಳೆ ಅಂದೆ."

ಅವರು ಹೊಸ ಶೂಗಳ ತುದಿಯನ್ನೇ ನೋಡುತ್ತಿದ್ದರು. ನಾನೂ ಅದನ್ನೇ ನೋಡಿದೆ.

ಆಮೇಲೆ ಕೇಳಿದೆ. "ಆ ದನಿ ಯಾರದು ದೊಡ್ಡಪ್ಪ?"

"ದನಿ ಗೊತ್ತು. ಹೆಸರು ಕೇಳಬೇಡ. ಹೆಸರು ಹೇಳಿದ್ರೆ ನಾನು ಸಾಕ್ಷಿ, ಸಾಕ್ಷಿ ಆದ್ರೆ ಊರು ಬಿಡೋ ಹಾಗಿಲ್ಲ. ಈ ಚಪ್ಪಲಿ ನನ್ನ ಮನೇಲಿ ಸಿಕ್ತು ಅಂದ್ರೆ ಸಾಕ್ಷಿನೂ ಅಲ್ಲ, ಅಪರಾಧಿ. ಪರವಾನಗಿ ಇವತ್ತಿಗೆ ಇದೆ, ನಾಳೆಗೆ ಏನೋ. ನಂಗೆ ಅರವತ್ತೆರಡು." ಗಂಟನ್ನು ಮತ್ತೆ ಕಟ್ಟಲು ಹಗ್ಗ ಎತ್ತಿಕೊಂಡರು. "ಹೋಗಿ ಅವಳ ಗೋರಿಯ ಹುಲ್ಲು ಕೀಳ್ತೀನಿ. ಅಷ್ಟೇ ಆಸೆ. ಟೀಚರ್ ಕೊನೇ ಮಾತೂ ಅದೇ."

ಹೋಗಿ ಎನ್ನಲು ನನಗೆ ಬಾಯಿ ಬರಲಿಲ್ಲ. ನಿಲ್ಲಿ ಎನ್ನಲೂ ಬರಲಿಲ್ಲ. ಅವರು ಹೋದರೆ, ಟೀಚರ್ ಕಾಲು ಜಾರಿ ಸತ್ತರು ಎಂಬುದೇ ನಿಜವಾಗಿ ಉಳಿಯುತ್ತದೆ. ಗಡಿಯಾರದಲ್ಲಿ ಒಂದೂ ಇಪ್ಪತ್ತು.

"ಇನ್ನೆರಡು ಕಾಗದ ಇವೆ," ಎಂದೆ. "ಹೊರಡೋ ಮುಂಚೆ ಓದ್ಲಾ?"

ಎರಡನೆಯದರಲ್ಲಿ ಬೇಸಾಯ, ಮೊಮ್ಮಕ್ಕಳ ಹೆಸರು, ಗೋರಿಗೆ ಹೋಗುವ ದಾರಿ. ಅವರು ಪ್ರತಿ ಹೆಸರಿಗೂ ತಲೆ ಆಡಿಸಿದರು. ಇದನ್ನು ಮೆಂಗ್ ಓದಿರಲಿಲ್ಲ. ಇದನ್ನೂ ಟೀಚರ್ ಅಮ್ಮನ ಮಾತು ಮಾಡಿ ಓದಿದ್ದರು.

ಮೂರನೆಯದು ಬಿಚ್ಚಿದೆ.

"ಟೀಚರಮ್ಮನವರಿಗೆ. ನೀವು ಬೇರೆಯಾಗಿ ಬರೆದ ಕಾಗದ ತಲುಪಿತು. ನೀವು ಹೇಳಿದಂತೆಯೇ ಮಾಡುತ್ತೇವೆ. 'ಈ ಸುದ್ದಿಯನ್ನು ಗ್ರಂಥಾಲಯದ ಕುರ್ಚಿಯಲ್ಲಿ ಕೂರಿಸಿ ಹೇಳಲು ನನ್ನಿಂದ ಆಗಲಿಲ್ಲ. ಹೇಳಿದರೆ ಸಂಜೆ ಅವರು ಒಬ್ಬರೇ ಮನೆಗೆ ಹೋಗಬೇಕು. ನಿಮ್ಮಲ್ಲಿಗೆ ಬಂದ ಮೇಲೆ, ಮನೆಯವರೆಲ್ಲ ಸುತ್ತ ಇರುವಾಗ, ಮೊದಲು ಊಟ ಬಡಿಸಿ, ಆಮೇಲೆ ಕೈ ಹಿಡಿದುಕೊಂಡು ಹೇಳಿ. ಅಲ್ಲಿಯವರೆಗೆ ಅವರನ್ನು ನಾನು ನೋಡಿಕೊಳ್ಳುತ್ತೇನೆ' ಎಂದು ನೀವು ಬರೆದದ್ದನ್ನು ಮನೆಯವರಿಗೆಲ್ಲ ಓದಿ ಹೇಳಿದೆ."

ದೊಡ್ಡಪ್ಪನ ಕೈಯಿಂದ ಹಗ್ಗ ಜಾರಿತು. ಅವರು ಅಳಲಿಲ್ಲ. ಬಾಯಿ ಮಾತ್ರ ಏನನ್ನೋ ಅಗಿಯುವ ಹಾಗೆ ಆಡುತ್ತಿತ್ತು.

"ಮುಂದೆ," ಎಂದರು.

"ಇನ್ನೊಂದು ವಿಷಯ ಹೇಳಲೇಬೇಕು, ಟೀಚರಮ್ಮ. ನಿಮ್ಮ ಲಕೋಟೆ ನಮಗೆ ಬರುವ ಮೊದಲೇ ಯಾರೋ ಬಿಚ್ಚಿ ಮತ್ತೆ ಅಂಟಿಸಿದ್ದರು. ಅದರೊಳಗೆ ಬೇರೆ ಕೈಬರಹದ ಒಂದು ಚೀಟಿ ಇತ್ತು. ಅದನ್ನು ಬರೆದವರು..."

ಹಾಳೆಯ ಮೇಲೆ ನೆರಳು ಬಿತ್ತು.

ದಫೇದಾರ್ ಫಾನ್ ಬಾಗಿಲಲ್ಲಿ ನಿಂತಿದ್ದರು. ಕಾಲಲ್ಲಿ ಬರೀ ಬೂದು ಬಣ್ಣದ ಕಾಲುಚೀಲ, ಹಿಮ್ಮಡಿಯಲ್ಲಿ ತೂತು. ಬೂಟುಗಳನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದರು. ಕಾಲುಚೀಲಕ್ಕೆ ಮರಳು ಮೆತ್ತಿತ್ತು. ತಡೆಗೋಡೆಯ ಆ ತುದಿಯಿಂದಲೂ ಹಾಗೇ ನಡೆದು ಬಂದಿದ್ದರು. ಎಷ್ಟು ಹೊತ್ತಾಗಿತ್ತೋ.

"ಬಿಸಿಲಿಗೆ ಬೂಟು ಕಾದಿತ್ತು," ಎಂದರು. ನಗಲು ನೋಡಿದರು, ಆಗಲಿಲ್ಲ. "ಚೂ ದೊಡ್ಡಪ್ಪ, ಬಸ್ಸು ಎರಡಕ್ಕಲ್ವಾ. ಜೀಪು ತಂದಿದೀನಿ. ಗಂಟು ಎತ್ಕೊಳಿ, ನಾನೇ ಬಿಟ್ಟು ಬರ್ತೀನಿ. ಇವತ್ತು ತಪ್ಪಿದ್ರೆ ಪರವಾನಗಿ ಮತ್ತೆ ಸಿಗೋದು ಕಷ್ಟ ಅಂತ ನಿಮಗೂ ಗೊತ್ತು."



"ಆಯುನ್, ಆ ಕಾಗದ ಕೊಡಮ್ಮ. ಅದು ಓದೋ ಕಾಗದ ಅಲ್ಲ." ಕೈ ಚಾಚಿದರು. ನಾನು ಹಾಳೆ ನೋಡಿದೆ; ಮುಂದಿನ ಅಕ್ಷರ ಅವರ ಹೆಸರಿನದೇ.

ದೊಡ್ಡಪ್ಪ ಗಡಿಯಾರ ನೋಡಿದರು. ಗಂಟು ನೋಡಿದರು. ಆಮೇಲೆ ಮಂಚದ ಅಂಚಿಗೆ ಸರಿದು ಕೂತು, ಹೊಸ ಶೂಗಳ ಲೇಸುಗಳನ್ನು ಒಂದೊಂದಾಗಿ ಬಿಚ್ಚತೊಡಗಿದರು. ಅವಸರ ಮಾಡಲಿಲ್ಲ. ಶೂಗಳನ್ನು ಜೋಡಿಸಿ ನೆಲದ ಮೇಲಿಟ್ಟರು. ನಲವತ್ತು ವರ್ಷದಲ್ಲಿ ಮೊದಲ ಸಲ, ಕಾಲಿನಿಂದ ತೆಗೆದ ಶೂಗಳನ್ನು ಕಂಕುಳಿಗೆ ಎತ್ತಿಕೊಳ್ಳದೆ, ಬಾಗಿಲ ಕಡೆಗೆ ಕಾಲಿನಿಂದ ದೂಡಿದರು.

ಹನ್ನೊಂದನೇ ನಂಬರಿನ ಚಪ್ಪಲಿಗೆ ಕಾಲು ತೂರಿಸಿದರು. ಗ್ರಂಥಾಲಯದಲ್ಲಿ ಟೀಚರ್ ಎದುರು ಕೂರುತ್ತಿದ್ದ ಹಾಗೆ ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು ನೆಟ್ಟಗೆ ಕೂತರು.

"ಓದೋದು ಮುಗೀಲಿಲ್ಲವಲ್ಲ, ಮಗಳೇ," ಎಂದರು. "ಚೀಟಿ ಬರೆದವರು ಅನ್ನೋವರೆಗೆ ಬಂದಿದ್ದೆ. ಅಲ್ಲಿಂದ ಓದು."